ಗಣಕಯಂತ್ರಗಳ ಜಾಲವೂ ‘ನೆಟ್‌ವರ್ಕ್ ಇಲ್ಲ’ ಎಂಬ ಮಾತೂ

ನಮ್ಮ ಪಾಠಶಾಲೆಯ ಈ ಸ್ಮರಣ ಸಂಚಿಕೆಗೆ ನಾವು ಪರೀಕ್ಷೆಯ ಫಲಿತಾಂಶಗಳನ್ನು ಕುರಿತಾಗಲಿ ಕಟ್ಟಡದ ನಿಧಿಯನ್ನು ಕುರಿತಾಗಲಿ ಬರೆಯದೆ, ಗಣಕಯಂತ್ರಗಳ ಜಾಲವನ್ನು ಕುರಿತು ಬರೆಯಲು ತೊಡಗಿದ್ದೇವೆ. ಇದಕ್ಕೆ ಕಾರಣವುಂಟು. ‘ನೆಟ್‌ವರ್ಕ್ ಇಲ್ಲ’ ಎಂಬ ಮಾತನ್ನು ಈಗ ಹಳ್ಳಿಯವರೂ ಪಟ್ಟಣದವರೂ ದಿನಕ್ಕೆ ಹತ್ತು ಸಲ ಆಡುತ್ತಾರೆ. ಆದರೆ ಯಾವುದು ಇಲ್ಲ, ಎಲ್ಲಿ ಇಲ್ಲ ಎಂದು ಕೇಳುವವರು ವಿರಳ. ನಾವೂ ಕೇಳಲಿಲ್ಲ. ಅದರಿಂದಾಗಿ ಒಬ್ಬ ಹುಡುಗಿಗೆ ನಮ್ಮಿಂದ ಅನ್ಯಾಯವಾಯಿತು.

2020ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಕೊರೋನಾ ವ್ಯಾಧಿಯ ನಿಮಿತ್ತ ಪಾಠಶಾಲೆಗಳು ಮುಚ್ಚಲ್ಪಟ್ಟುವು. ಆ ವರ್ಷದ ಮಳೆಗಾಲದಲ್ಲಿ ಮಕ್ಕಳು ಮನೆಯಲ್ಲಿದ್ದುಕೊಂಡೇ ಫೋನಿನ ಮೂಲಕ ಪಾಠ ಕೇಳಬೇಕಾಯಿತು. ಹತ್ತನೆಯ ತರಗತಿಯ ಒಬ್ಬ ವಿದ್ಯಾರ್ಥಿನಿಯು ಒಂದೇ ಸಮನೆ 17 ದಿನ ಪಾಠಕ್ಕೆ ಬಾರದೆ ಹೋದಳು. ನಾವು ಅವಳ ತಂದೆಗೆ ಫೋನು ಮಾಡಿದೆವು. ಅವರ ಮಾತು ಎದುರಿಗೆ ಕುಳಿತು ಆಡಿದಷ್ಟು ಸ್ಪಷ್ಟವಾಗಿ ಕೇಳಿಸಿತು. ‘ಪಾಠಕ್ಕೆ ನೆಟ್‌ವರ್ಕ್ ಇಲ್ಲವಂತೆ, ಟೀಚರ್’ ಎಂದರು. ‘ಮಾತಿಗೆ ಇರುವ ನೆಟ್‌ವರ್ಕು ಪಾಠಕ್ಕೆ ಮಾತ್ರ ಹೇಗೆ ಇಲ್ಲದೆ ಹೋಗುತ್ತದೆ?’ ಎಂದು ನಾವು ಬಿರುಸಾಗಿಯೇ ಕೇಳಿದೆವು. ಹಾಜರಿ ಪುಸ್ತಕದಲ್ಲಿ ಗೈರುಹಾಜರೆಂದು ಬರೆದುದಲ್ಲದೆ, ಷರಾ ಅಂಕಣದಲ್ಲಿ ‘ಅಲಕ್ಷ್ಯ’ ಎಂಬ ಶಬ್ದವನ್ನೂ ಸೇರಿಸಿದೆವು. ನಮ್ಮ ಆ ಪ್ರಶ್ನೆಗೆ ಸರಿಯಾದ ಉತ್ತರವೊಂದಿತ್ತು; ಅದು ನಮಗೆ ತಿಳಿದಿರಲಿಲ್ಲ, ಅಷ್ಟೆ. ಆ ಉತ್ತರವು ವಾಚಕರಿಗೆ ಮನವರಿಕೆಯಾಗಬೇಕಾದರೆ ಜಾಲವೆಂದರೇನೆಂಬುದನ್ನು ಮೊದಲಿನಿಂದ ಹೇಳಬೇಕಾಗುವುದು.

ಎರಡು ಅಥವಾ ಹೆಚ್ಚು ಗಣಕಯಂತ್ರಗಳು ಒಂದಕ್ಕೊಂದು ಸುದ್ದಿಯನ್ನು ಕೊಟ್ಟು ತೆಗೆದುಕೊಳ್ಳುವಂತೆ ಜೋಡಿಸಲ್ಪಟ್ಟಿದ್ದರೆ ಅದು ಜಾಲವೆನಿಸುವುದು. ನಮ್ಮ ಕೈಯಲ್ಲಿರುವ ಫೋನು ಸಹ ಒಂದು ಗಣಕಯಂತ್ರವೇ. ಜಾಲಕ್ಕೆ ಮೂರು ಸಂಗತಿಗಳು ಅವಶ್ಯ. ಮೊದಲನೆಯದಾಗಿ, ಯಂತ್ರಗಳು. ಎರಡನೆಯದಾಗಿ, ಅವುಗಳ ನಡುವೆ ಒಂದು ದಾರಿ; ಈ ದಾರಿಯು ತಾಮ್ರದ ತಂತಿಯಾಗಿರಬಹುದು, ಬೆಳಕನ್ನು ಒಯ್ಯುವ ಗಾಜಿನ ಎಳೆಯಾಗಿರಬಹುದು, ಇಲ್ಲವೆ ಕಣ್ಣಿಗೆ ಕಾಣದ ರೇಡಿಯೋ ಅಲೆಯಾಗಿರಬಹುದು. ಮೂರನೆಯದಾಗಿ, ಎರಡು ಕಡೆಯವರೂ ಒಪ್ಪಿಕೊಂಡ ನಿಯಮಗಳು. ಇವಕ್ಕೆ ಪ್ರೋಟೋಕಾಲ್ ಎಂದು ಹೆಸರು. ಯಂತ್ರವೂ ದಾರಿಯೂ ಇದ್ದು ನಿಯಮವಿಲ್ಲದಿದ್ದರೆ, ಒಬ್ಬರ ಭಾಷೆ ಒಬ್ಬರಿಗೆ ತಿಳಿಯದ ಇಬ್ಬರು ಎದುರುಬದುರು ನಿಂತಂತೆ ಆಗುವುದು, ಶಬ್ದವುಂಟು, ಸಂಭಾಷಣೆಯಿಲ್ಲ.

ಹರವನ್ನು ಅನುಸರಿಸಿ ಜಾಲಗಳನ್ನು ವಿಂಗಡಿಸುವುದು ರೂಢಿಯಾಗಿದೆ. ಒಬ್ಬರ ಸುತ್ತ ನಾಲ್ಕಾರು ಮೊಳದೊಳಗೆ, ಫೋನಿಗೂ ಕಿವಿಗೆ ಇಟ್ಟುಕೊಳ್ಳುವ ಇಯರ್‌ಫೋನಿಗೂ ನಡುವೆ ಏರ್ಪಡುವ ಜಾಲವು ಪರ್ಸನಲ್ ಏರಿಯಾ ನೆಟ್‌ವರ್ಕ್, ಅಂದರೆ ಪ್ಯಾನ್. ಒಂದು ಮನೆ, ಒಂದು ಆಸ್ಪತ್ರೆ, ಒಂದು ಶಾಲೆಯ ಆವರಣದೊಳಗಣ ಜಾಲವು ಲೋಕಲ್ ಏರಿಯಾ ನೆಟ್‌ವರ್ಕ್, ಅಂದರೆ ಲ್ಯಾನ್. ನಮ್ಮ ಕಂಪ್ಯೂಟರ್ ಕೊಠಡಿಯಲ್ಲಿ 20 ಯಂತ್ರಗಳನ್ನು ಸೇರಿಸಿರುವುದು ಇಂಥದೇ. ಸಾಧಾರಣ ತಾಮ್ರದ ಕೇಬಲಿನಲ್ಲಿ ಒಂದು ಕೊಂಡಿಯ ಉದ್ದವು 100 ಮೀಟರಿಗೆ ಮೀರಬಾರದೆಂಬ ನಿಯಮವಿದೆ. ಆದುದರಿಂದಲೇ ವಿದ್ಯಾರ್ಥಿನಿ ನಿಲಯಕ್ಕೆ ಕೊಠಡಿಯಿಂದ ನೇರವಾಗಿ ತಂತಿಯೆಳೆಯಲು ಆಗಲಿಲ್ಲ. ಒಂದು ನಗರವನ್ನು ವ್ಯಾಪಿಸುವ ಜಾಲವು ಮೆಟ್ರೋಪಾಲಿಟನ್ ಏರಿಯಾ ನೆಟ್‌ವರ್ಕ್; ನಾಡುಗಳನ್ನೂ ಸಮುದ್ರಗಳನ್ನೂ ದಾಟಿ ಹರಡಿರುವುದು ವೈಡ್ ಏರಿಯಾ ನೆಟ್‌ವರ್ಕ್. ಬೆಂಗಳೂರಿನ ಒಂದು ಬ್ಯಾಂಕಿನ ಲೆಕ್ಕಕ್ಕೆ ಕಟ್ಟಿದ ಹಣವು ಬೀದರಿನ ಶಾಖೆಯಲ್ಲಿ ಆಗಲೇ ಕಾಣುವುದು ಈ ಕೊನೆಯ ಬಗೆಯ ಜಾಲದಿಂದಲೇ. ಇನ್ನು ಇಂಟರ್‌ನೆಟ್ ಎಂಬುದು ಒಂದು ಜಾಲವಲ್ಲ. ಅಸಂಖ್ಯ ಜಾಲಗಳು ಒಂದೇ ನಿಯಮಕ್ಕೆ ಒಪ್ಪಿ ಸೇರಿಕೊಂಡಿರುವ ಜಾಲಗಳ ಜಾಲವು. ಅದಕ್ಕೆ ಒಡೆಯನೊಬ್ಬನಿಲ್ಲ.

ಇದರ ಹುಟ್ಟನ್ನು ಸ್ವಲ್ಪ ಹೇಳುವೆವು. 1969ನೆಯ ಇಸವಿಯ ಅಕ್ಟೋಬರ್ 29ರಂದು ಅಮೆರಿಕದಲ್ಲಿ, ಲಾಸ್ ಏಂಜಲಿಸಿನ ವಿಶ್ವವಿದ್ಯಾಲಯದ ಒಂದು ಯಂತ್ರದಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾಲಯದ ಯಂತ್ರಕ್ಕೆ ‘ಲಾಗಿನ್’ ಎಂಬ ಶಬ್ದವನ್ನು ಅಕ್ಷರ ಅಕ್ಷರವಾಗಿ ಕಳುಹಿಸಲು ಯತ್ನಿಸಿದರು. ಎಲ್ ಮತ್ತು ಓ ಎಂಬ ಎರಡಕ್ಷರಗಳು ಮುಟ್ಟಿದ ಕೂಡಲೇ ಯಂತ್ರವು ಕೆಟ್ಟು ನಿಂತಿತು. ಹೀಗೆ ಅರ್ಪಾನೆಟ್ ಎಂಬ ಆ ಜಾಲದ ಮೊದಲನೆಯ ದಿನವೇ ‘ನೆಟ್‌ವರ್ಕ್ ಇಲ್ಲ’ ಎಂಬಂತಾಯಿತು! ಸುಮಾರು ಒಂದು ಗಂಟೆಯ ಮೇಲೆ ಪೂರ್ಣ ಶಬ್ದವು ಮುಟ್ಟಿತು. ಮುಂದೆ ವಿಂಟನ್ ಸರ್ಫ್ ಮತ್ತು ರಾಬರ್ಟ್ ಕಾನ್ ಎಂಬವರು ಬೇರೆ ಬೇರೆ ಜಾಲಗಳನ್ನು ಒಂದುಗೂಡಿಸುವ ನಿಯಮವನ್ನು 1974ರಲ್ಲಿ ಪ್ರಕಟಿಸಿದರು. 1983ನೆಯ ಜನವರಿ 1ರಂದು ಅರ್ಪಾನೆಟ್ಟು ಆ ನಿಯಮಕ್ಕೆ ಬದಲಾಯಿತು. ನಮ್ಮ ದೇಶದಲ್ಲಿ 1986ರಲ್ಲಿ ಅರ್ನೆಟ್ ಎಂಬ ವಿದ್ಯಾಜಾಲದ ಯೋಜನೆಯು ಆರಂಭವಾದಾಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಅದರ ಮೊದಲ ಅಂಗಸಂಸ್ಥೆಗಳಲ್ಲಿ ಒಂದಾಗಿತ್ತು. ಸಾರ್ವಜನಿಕರಿಗೆ ಇಂಟರ್‌ನೆಟ್ ದೊರಕಿದುದು 1995ನೆಯ ಆಗಸ್ಟ್ 15ರಂದು.

ಈಗ ಯಂತ್ರಗಳನ್ನು ಜೋಡಿಸುವ ವಿನ್ಯಾಸಗಳನ್ನು ನೋಡೋಣ. ಇವಕ್ಕೆ ಟೋಪಾಲಜಿ ಎನ್ನುವರು. ಒಂದೇ ಉದ್ದನೆಯ ತಂತಿಗೆ ಎಲ್ಲ ಯಂತ್ರಗಳನ್ನೂ ತಗುಲಿಸುವುದು ಬಸ್ ವಿನ್ಯಾಸ. 1973ರಲ್ಲಿ ರಾಬರ್ಟ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ಎಂಬವರು ಕ್ಯಾಲಿಫೋರ್ನಿಯದ ಜೆರಾಕ್ಸ್ ಸಂಶೋಧನಾಲಯದಲ್ಲಿ ರೂಪಿಸತೊಡಗಿದ ಈಥರ್‌ನೆಟ್ ಮೊದಲಿಗೆ ಹೀಗೆಯೇ ಇತ್ತು. ಇದರಲ್ಲಿ ತಂತಿಯ ಖರ್ಚು ಕಡಿಮೆ. ಆದರೆ ಇಬ್ಬರು ಒಟ್ಟಿಗೆ ಮಾತಾಡಿದರೆ ಎರಡು ಮಾತುಗಳೂ ಕೆಡುವುವು, ತಂತಿಯು ಒಂದು ಕಡೆ ತುಂಡಾದರೆ ಎಲ್ಲರಿಗೂ ತೊಂದರೆ. ಯಂತ್ರಗಳನ್ನು ಬಳೆಯಾಕಾರವಾಗಿ ಸೇರಿಸುವುದು ರಿಂಗ್ ವಿನ್ಯಾಸ. 1980ರ ದಶಕದಲ್ಲಿ ಐ.ಬಿ.ಎಂ. ಸಂಸ್ಥೆಯು ಪ್ರಚಾರಕ್ಕೆ ತಂದ ಟೋಕನ್ ರಿಂಗ್ ಪದ್ಧತಿಯಲ್ಲಿ ಟೋಕನ್ ಎಂಬ ಗುರುತೊಂದು ಸರದಿಯಂತೆ ಸುತ್ತುತ್ತಿರುವುದು. ಅದು ತನ್ನ ಬಳಿಗೆ ಬಂದಾಗಲೇ ಯಂತ್ರವು ಮಾತಾಡಬೇಕು. ತರಗತಿಯಲ್ಲಿ ಕೈಯೆತ್ತಿದವರೆಲ್ಲ ಒಮ್ಮೆಗೇ ಕೂಗದೆ ಸರದಿಯಿಂದ ಉತ್ತರ ಹೇಳುವುದನ್ನು ಇದಕ್ಕೆ ಹೋಲಿಸಬಹುದು.

ಮೂರನೆಯದು ಸ್ಟಾರ್, ಅಂದರೆ ನಕ್ಷತ್ರವಿನ್ಯಾಸ. ಎಲ್ಲ ತಂತಿಗಳೂ ನಡುವಿನ ಒಂದು ಪೆಟ್ಟಿಗೆಗೆ ಬಂದು ಸೇರುವುವು. ಆ ಪೆಟ್ಟಿಗೆಗೆ ಸ್ವಿಚ್ ಎಂದು ಹೆಸರು. ಯಾರಿಗೆ ಬಂದ ಸುದ್ದಿಯೋ ಅವರ ತಂತಿಗೆ ಮಾತ್ರ ಅದನ್ನು ದಾಟಿಸುವುದು ಅದರ ಕೆಲಸ. ಇಂದಿನ ಲ್ಯಾನುಗಳು ಬಹುಮಟ್ಟಿಗೆ ಇದೇ ರೀತಿಯವು. ಒಂದು ತಂತಿ ಕೆಟ್ಟರೆ ಒಂದೇ ಯಂತ್ರವು ಮೂಕವಾಗುವುದು. ಪೆಟ್ಟಿಗೆ ಕೆಟ್ಟರೆ ಮಾತ್ರ ಎಲ್ಲವೂ ಮೂಕವಾಗುವುವು. ಇಂಥ ನಕ್ಷತ್ರಗಳನ್ನು ಕೊಂಬೆರೆಂಬೆಗಳಂತೆ ಒಂದರ ಕೆಳಗೊಂದು ಜೋಡಿಸಿದರೆ ವೃಕ್ಷವಿನ್ಯಾಸವಾಗುವುದು.

ಇಲ್ಲಿ ನಮ್ಮದೇ ಒಂದು ಪ್ರಸಂಗವನ್ನು ಹೇಳದಿರಲಾರೆವು. ಒಂದು ಶನಿವಾರ ಕಂಪ್ಯೂಟರ್ ಕೊಠಡಿಯನ್ನು ಅಚ್ಚುಕಟ್ಟು ಮಾಡುವಾಗ, ಸ್ವಿಚ್ಚಿನಿಂದ ಕೆಳಕ್ಕೆ ಜೋಲುತ್ತಿದ್ದ ಒಂದು ಕೇಬಲನ್ನು ಕಂಡು, ಅದರ ತುದಿಯನ್ನು ಅದೇ ಪೆಟ್ಟಿಗೆಯ ಬರಿದಾದ ರಂಧ್ರದಲ್ಲಿ ನಾವೇ ಕೈಯಾರೆ ಸಿಕ್ಕಿಸಿದೆವು. ಸೋಮವಾರ 20 ಯಂತ್ರಗಳಲ್ಲಿ ಒಂದೂ ಕೆಲಸ ಮಾಡಲಿಲ್ಲ. ನಮ್ಮ ಅಚ್ಚುಕಟ್ಟಿನಿಂದ ಒಂದು ಸುತ್ತು ಏರ್ಪಟ್ಟು, ಎಲ್ಲರಿಗೂ ಎಂದು ಹೊರಟ ಒಂದು ಸುದ್ದಿಯು ಅದರಲ್ಲಿ ಕೊನೆಯಿಲ್ಲದೆ ಸುತ್ತುತ್ತ ಹೆಚ್ಚುತ್ತ ದಾರಿಯನ್ನೆಲ್ಲಾ ತುಂಬಿಬಿಟ್ಟಿತ್ತು. ಈ ಕೇಡಿಗೆ ಪರಿಹಾರವನ್ನು 1985ರಲ್ಲಿ ಕಂಡುಹಿಡಿದವರು ರೇಡಿಯಾ ಪರ್ಲ್‌ಮನ್ ಎಂಬ ಮಹಿಳೆಯೆಂದು ಹೇಳಲು ನಮಗೆ ಸಂತೋಷವಾಗುತ್ತದೆ. ಸ್ಪ್ಯಾನಿಂಗ್ ಟ್ರೀ ಎಂಬ ಅವರ ನಿಯಮದಂತೆ ಸ್ವಿಚ್ಚುಗಳು ತಮ್ಮೊಳಗೆ ಮಾತಾಡಿಕೊಂಡು, ಸುತ್ತಾಗುವ ಕೊಂಡಿಗಳನ್ನು ತಾವೇ ನಿಲ್ಲಿಸಿ, ಜಾಲವನ್ನು ಮರದಂತೆ ಮಾಡಿಕೊಳ್ಳುವುವು. ಒಂದು ಕೊಂಡಿ ಮುರಿದರೆ ನಿಲ್ಲಿಸಿದ್ದನ್ನು ತಿರುಗಿ ತೆರೆಯುವುವು. ನಾವು ಕೊಂಡಿದ್ದ ಕಡಿಮೆ ಬೆಲೆಯ ಪೆಟ್ಟಿಗೆಗೆ ಈ ವಿದ್ಯೆಯಿರಲಿಲ್ಲ.

ಕೊನೆಯದು ಮೆಶ್, ಅಂದರೆ ಬಲೆಯ ವಿನ್ಯಾಸ. ಇದರಲ್ಲಿ ಒಂದೊಂದು ಠಾಣ್ಯಕ್ಕೂ ಹಲವು ದಾರಿಗಳಿರುವುವು. ಖರ್ಚು ಹೆಚ್ಚು, ಆದರೆ ಒಂದು ದಾರಿ ಮುಚ್ಚಿದರೆ ಇನ್ನೊಂದುಂಟು. 2008ನೆಯ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯದ ಸಮೀಪ ಸಮುದ್ರದೊಳಗಣ ಎರಡು ಕೇಬಲುಗಳು ತುಂಡಾದಾಗ ಭಾರತದಲ್ಲಿಯೂ ಇಂಟರ್‌ನೆಟ್ ಬಹಳ ಕುಂಠಿತವಾಯಿತು. ಆದರೂ ಪೂರ್ಣವಾಗಿ ನಿಲ್ಲಲಿಲ್ಲ. ಪೂರ್ವದಿಕ್ಕಿನ ಕೇಬಲುಗಳ ಮೂಲಕ ಸುದ್ದಿಯು ಸುತ್ತುದಾರಿ ಹಿಡಿದು ಹೋಯಿತು.

ಸುದ್ದಿಯು ಹೀಗೆ ದಾರಿ ಬದಲಿಸಲು ಸಾಧ್ಯವಾಗುವುದು ಅದು ಪೊಟ್ಟಣಗಳಾಗಿ ಹೋಗುವುದರಿಂದ. ಸುಮಾರು 30 ಲಕ್ಷ ಬೈಟುಗಳ ಒಂದು ಚಿತ್ರವನ್ನು ಕಳುಹಿಸಿದರೆ ಅದು ಇಡಿಯಾಗಿ ಹೋಗದು. ಈಥರ್‌ನೆಟ್ಟಿನ ಒಂದು ಪೊಟ್ಟಣದಲ್ಲಿ ಸಾಧಾರಣವಾಗಿ 1500 ಬೈಟುಗಳಿಗಿಂತ ಹೆಚ್ಚು ಹಿಡಿಸುವುದಿಲ್ಲವಾದುದರಿಂದ, ಅದು ಎರಡು ಸಾವಿರಕ್ಕೂ ಹೆಚ್ಚು ಪೊಟ್ಟಣಗಳಾಗಿ ಒಡೆಯಲ್ಪಡುವುದು. ಒಂದೊಂದರ ಮೇಲೂ ವಿಳಾಸವೂ ಕ್ರಮಸಂಖ್ಯೆಯೂ ಇರುವುವು. ಅವು ಬೇರೆ ಬೇರೆ ದಾರಿಗಳಲ್ಲಿ ಹೋಗಿ, ಮುಂದಿನದು ಹಿಂದೆ ಹಿಂದಿನದು ಮುಂದೆ ಆಗಿ ಸೇರಿದರೂ, ಆ ತುದಿಯಲ್ಲಿ ಕ್ರಮವಾಗಿ ಜೋಡಿಸಲ್ಪಡುವುವು. ಪಾಲ್ ಬ್ಯಾರನ್ ಮತ್ತು ಡೊನಾಲ್ಡ್ ಡೇವಿಸ್ ಎಂಬವರು 1960ರ ದಶಕದಲ್ಲಿ ಬೇರೆ ಬೇರೆಯಾಗಿ ಯೋಚಿಸಿದ ಉಪಾಯವಿದು.

ಇಷ್ಟೆಲ್ಲ ಕೆಲಸವನ್ನು ಒಂದೇ ನಿಯಮಕ್ಕೆ ಒಪ್ಪಿಸಿದ್ದರೆ ಅದು ಯಾರಿಗೂ ತಿಳಿಯದ ಗೋಜಲಾಗುತ್ತಿತ್ತು. ಆದುದರಿಂದ ಅದನ್ನು ಪದರಗಳಾಗಿ ಹಂಚಿದ್ದಾರೆ. ಅಂಚೆಯ ದೃಷ್ಟಾಂತದಿಂದ ಇದನ್ನು ವಿವರಿಸುವೆವು. ನಾವು ಮುಂಬಯಿಯಲ್ಲಿರುವ ಪೂರ್ವ ವಿದ್ಯಾರ್ಥಿನಿಗೆ ಒಂದು ಕಾಗದ ಬರೆಯುತ್ತೇವೆ. ಗುಮಾಸ್ತರು ಅದನ್ನು ಲಕೋಟೆಗೆ ಹಾಕಿ ವಿಳಾಸ ಬರೆಯುತ್ತಾರೆ. ಜವಾನನು ಅದನ್ನು ಅಂಚೆಮನೆಗೆ ಒಯ್ಯುತ್ತಾನೆ. ಅಲ್ಲಿ ಆರು ಅಂಕಿಗಳ ಪಿನ್‌ಕೋಡನ್ನು ನೋಡಿ ಚೀಲಕ್ಕೆ ಹಾಕುತ್ತಾರೆ. ಚೀಲವು ರೈಲಿನಲ್ಲಿ ಹೋಗುತ್ತದೆ. ಮುಂಬಯಿಯಲ್ಲಿ ಇದೇ ಕೆಲಸವು ತಲೆಕೆಳಗಾಗಿ ನಡೆದು ಕಾಗದವು ಅವಳ ಕೈಸೇರುತ್ತದೆ. ರೈಲು ನಡೆಸುವವನಿಗೆ ಕಾಗದದ ವಿಷಯ ಬೇಕಿಲ್ಲ. ನಮಗೆ ರೈಲಿನ ವೇಳಾಪಟ್ಟಿ ಬೇಕಿಲ್ಲ. ರೈಲಿಗೆ ಬದಲಾಗಿ ವಿಮಾನವು ಬಂದರೂ ನಾವು ಕಾಗದ ಬರೆಯುವ ಕ್ರಮವೇನೂ ಬದಲಾಗದು. ಒಬ್ಬೊಬ್ಬರು ತಮ್ಮ ಕೆಲಸವನ್ನು ಮಾತ್ರ ಮಾಡಿ, ಉಳಿದುದನ್ನು ಮೇಲಿನವರಿಗೂ ಕೆಳಗಿನವರಿಗೂ ನಂಬಿಕೆಯಿಂದ ಬಿಡುತ್ತಾರೆ. ಪದರಗಳ ತತ್ತ್ವವು ಇಷ್ಟೇ.

ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು 1984ರಲ್ಲಿ ಪ್ರಕಟಿಸಿದ ಓ.ಎಸ್.ಐ. ಮಾದರಿಯಲ್ಲಿ ಇಂಥ ಏಳು ಪದರಗಳಿವೆ. ಕೆಳಗಿನಿಂದ ಎಣಿಸುವೆವು. ಒಂದನೆಯದು ಫಿಸಿಕಲ್, ಅಂದರೆ ಭೌತಿಕ ಪದರ. ತಂತಿಯಲ್ಲಿ ವಿದ್ಯುತ್ತಾಗಿ, ಗಾಜಿನಲ್ಲಿ ಬೆಳಕಾಗಿ, ಆಕಾಶದಲ್ಲಿ ಅಲೆಯಾಗಿ ಸೊನ್ನೆ ಒಂದುಗಳನ್ನು ಸಾಗಿಸುವುದು. ಎರಡನೆಯದು ಡೇಟಾ ಲಿಂಕ್, ಕೊಂಡಿಯ ಪದರ. ಒಂದು ಯಂತ್ರದಿಂದ ಪಕ್ಕದ ಯಂತ್ರಕ್ಕೆ ಪೊಟ್ಟಣವನ್ನು ದಾಟಿಸಿ, ಅದು ಕೆಟ್ಟಿದೆಯೇ ಎಂದು ಪರೀಕ್ಷಿಸುವುದು. ಇಲ್ಲಿ ಬಳಸುವ ಮ್ಯಾಕ್ ವಿಳಾಸವನ್ನು ಯಂತ್ರದ ತಯಾರಕರೇ ಕೊಟ್ಟಿರುತ್ತಾರೆ. ಮೂರನೆಯದು ನೆಟ್‌ವರ್ಕ್ ಪದರ. ಜಾಲದಿಂದ ಜಾಲಕ್ಕೆ ದಾರಿ ಹುಡುಕುವ ಕೆಲಸ ಇದರದು, ಅದನ್ನು ಮಾಡುವ ಪೆಟ್ಟಿಗೆಯೇ ರೌಟರ್. ಇಲ್ಲಿ ಬಳಸುವುದು ಐ.ಪಿ. ವಿಳಾಸ. ಇವೆರಡಕ್ಕೂ ಭೇದವೇನೆಂದರೆ, ಮ್ಯಾಕ್ ವಿಳಾಸವು ವಿದ್ಯಾರ್ಥಿನಿಯ ದಾಖಲಾತಿ ಸಂಖ್ಯೆಯಂತೆ, ಸಾಧಾರಣವಾಗಿ ಅದು ಬದಲಾಗದು, ಐ.ಪಿ. ವಿಳಾಸವು ಅವಳು ಈ ವರ್ಷ ಕುಳಿತುಕೊಳ್ಳುವ ತರಗತಿ ಮತ್ತು ಬೆಂಚಿನಂತೆ, ಸ್ಥಳ ಬದಲಾದರೆ ಅದೂ ಬದಲಾಗುವುದು. ಹಳೆಯ ಕ್ರಮದ ಐ.ಪಿ. ವಿಳಾಸಗಳು ಒಟ್ಟು ಸುಮಾರು 429 ಕೋಟಿ ಮಾತ್ರ. ಅವು ಸಾಲದೆ ಬಂದುದರಿಂದ 128 ಬಿಟ್ಟುಗಳ ಹೊಸ ಕ್ರಮವೂ ಜಾರಿಗೆ ಬಂದಿದೆ.

ನಾಲ್ಕನೆಯದು ಟ್ರಾನ್ಸ್‌ಪೋರ್ಟ್, ಸಾಗಣೆಯ ಪದರ. ಇಲ್ಲಿ ಎರಡು ಮುಖ್ಯ ನಿಯಮಗಳುಂಟು. ಟಿ.ಸಿ.ಪಿ. ಎಂಬುದು, ನಾವು ಹಿಂದೆ ಸ್ವೀಕೃತಿ ಚೀಟಿಯೊಡನೆ ಕಳುಹಿಸುತ್ತಿದ್ದ ರಿಜಿಸ್ಟರ್ ಅಂಚೆಯಂತೆ. ಮುಟ್ಟಿತೆಂಬ ಉತ್ತರ ಬಾರದಿದ್ದರೆ ಪೊಟ್ಟಣವನ್ನು ಪುನಃ ಕಳುಹಿಸುವುದು. ಯು.ಡಿ.ಪಿ. ಎಂಬುದು ಸಾದಾ ಕಾರ್ಡಿನಂತೆ, ಹೋದುದು ಹೋಯಿತು. ನೇರಪಾಠದ ಧ್ವನಿಗೆ ಸಾಮಾನ್ಯವಾಗಿ ಎರಡನೆಯದನ್ನೇ ಬಳಸುವರು, ಯಾಕೆಂದರೆ ಹತ್ತು ಕ್ಷಣ ತಡವಾಗಿ ಬಂದ ಮಾತಿನಿಂದ ಪ್ರಯೋಜನವಿಲ್ಲ. ಪಾಠದ ನಡುವೆ ಮಾತು ತುಂಡು ತುಂಡಾದರೂ ಬರೆದು ಕಳುಹಿಸಿದ ಟಿಪ್ಪಣಿಯು ಪೂರ್ತಿಯಾಗಿ ಬರುವುದು ಇದರಿಂದಲೇ. ಐದನೆಯದು ಸೆಷನ್ ಪದರ. ಸಂಭಾಷಣೆಯನ್ನು ಆರಂಭಿಸಿ, ನಡೆಸಿ, ಮುಗಿಸುವುದು. ಆರನೆಯದು ಪ್ರೆಸೆಂಟೇಷನ್, ರೂಪದ ಪದರ; ಅಕ್ಷರ, ಚಿತ್ರ, ಗುಪ್ತಲಿಪಿ ಇವುಗಳ ರೂಪವನ್ನು ಎರಡು ಕಡೆಯವರೂ ಒಪ್ಪುವಂತೆ ಮಾಡುವುದು. ನಮ್ಮ ಕನ್ನಡದ ಒಂದೊಂದು ಲಿಪಿಚಿಹ್ನೆಗೂ ಯೂನಿಕೋಡಿನ ಬಹುಪ್ರಚಲಿತ ಕ್ರಮದಲ್ಲಿ ಮೂರು ಬೈಟುಗಳು ಬೇಕು. ಓದುವ ಯಂತ್ರವು ಈ ಕ್ರಮವನ್ನು ಅರಿಯದಿದ್ದರೆ ಅಕ್ಷರಗಳಿಗೆ ಬದಲು ಅರ್ಥವಿಲ್ಲದ ಗುರುತುಗಳು ಕಾಣುವುವು. ಏಳನೆಯದು ಅಪ್ಲಿಕೇಷನ್ ಪದರ. ನಾವು ಕಣ್ಣಾರೆ ಕಂಡು ಬಳಸುವ ಮಿಂಚಂಚೆ, ಪಾಠದ ಪುಟ ಮೊದಲಾದುವುಗಳ ನಿಯಮಗಳು ಇಲ್ಲಿವೆ.

ವಾಸ್ತವದಲ್ಲಿ ಇಂಟರ್‌ನೆಟ್ ನಡೆಯುವುದು ಟಿ.ಸಿ.ಪಿ./ಐ.ಪಿ. ಎಂಬ ನಾಲ್ಕು ಪದರಗಳ ಮಾದರಿಯಲ್ಲಿ. ಅದರಲ್ಲಿ ಕೆಳಗಿನ ಎರಡೂ ಸೇರಿ ಒಂದು, ಮೇಲಿನ ಮೂರೂ ಸೇರಿ ಒಂದು. ಏಳರ ಲೆಕ್ಕವು ಪಾಠ ಹೇಳಲೂ ದೋಷ ಹುಡುಕಲೂ ಅನುಕೂಲವಾದುದರಿಂದ ಉಳಿದುಬಂದಿದೆ.

ಈಗ ಆ ಹುಡುಗಿಯ ಸಂಗತಿಗೆ ಬರುವೆವು. ಬೆಂಗಳೂರಿನಲ್ಲಿ ಜಾಲಗಳ ಉಸ್ತುವಾರಿಯ ಉದ್ಯೋಗದಲ್ಲಿದ್ದ ನಮ್ಮ ಪೂರ್ವ ವಿದ್ಯಾರ್ಥಿನಿಯೊಬ್ಬಳು ಆ ದಿನಗಳಲ್ಲಿ ಊರಿಗೆ ಬಂದಿದ್ದಳು. ಬೇರೇನೋ ಕೆಲಸಕ್ಕೆ ಶಾಲೆಗೆ ಬಂದವಳು ನಮ್ಮ ದೂರನ್ನು ಕೇಳಿ, ‘ಟೀಚರ್, ನಾನೊಂದು ಸಲ ಅವಳ ಹತ್ತಿರ ಮಾತಾಡಲೇ?’ ಎಂದಳು. ನಮ್ಮೆದುರಿಗೇ ಫೋನು ಮಾಡಿ ಕೆಳಗಿನ ಪದರದಿಂದ ಒಂದೊಂದಾಗಿ ಕೇಳುತ್ತ ಬಂದಳು. ಫೋನಿನ ಮೇಲ್ಗಡೆ ಎಷ್ಟು ಗೆರೆಗಳಿವೆ? ನಾಲ್ಕು. ಡೇಟಾಕ್ಕೆ ಹಣ ತುಂಬಿದೆಯೇ? ತುಂಬಿದೆ. ಪಾಠದ ಪುಟವನ್ನು ತೆರೆದರೆ ಏನು ಬರುತ್ತದೆ? ‘ಏನೋ ಇಂಗ್ಲಿಷಿನಲ್ಲಿ ಬರುತ್ತದೆ ಅಕ್ಕಾ, ನಮಗೆ ತಿಳಿಯುವುದಿಲ್ಲ.’ ಅಕ್ಷರ ಅಕ್ಷರವಾಗಿ ಓದೆಂದಳು. ಸಂಪರ್ಕವು ಸುರಕ್ಷಿತವಲ್ಲವೆಂದು ಅದರಲ್ಲಿತ್ತು. ‘ನಿನ್ನ ಫೋನಿನಲ್ಲಿ ಇವತ್ತು ಯಾವ ತಾರೀಖು?’ ಎಂದು ಕೇಳಿದಳು. ‘2016 ಎಂದು ತೋರಿಸುತ್ತದೆ ಅಕ್ಕಾ.’

ದೋಷವು ಅಲ್ಲಿತ್ತು. ಹಳೆಯ ಫೋನಿನ ಬ್ಯಾಟರಿಯನ್ನು ಬದಲಿಸಿದಾಗ ಅದರ ಪಂಚಾಂಗವು ಹಿಂದಕ್ಕೆ ಹೋಗಿತ್ತು. ತಾನಾಗಿ ಸರಿಪಡಿಸಿಕೊಳ್ಳುವ ಏರ್ಪಾಡು ಅದರಲ್ಲಿ ನಿಂತಿತ್ತು. ಸುರಕ್ಷಿತವಾದ ಪುಟಗಳು ತಾವು ಯಾರೆಂಬುದಕ್ಕೆ ಒಂದು ಪ್ರಮಾಣಪತ್ರವನ್ನು ತೋರಿಸುವುವು. ಅದರಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಅವಧಿಯಿರುವುದು. 2016ರಲ್ಲಿದ್ದೇನೆಂದು ತಿಳಿದಿದ್ದ ಫೋನು, 2020ರ ಪ್ರಮಾಣಪತ್ರವು ಇನ್ನೂ ಜಾರಿಗೆ ಬಂದಿಲ್ಲವೆಂದು ಎಣಿಸಿ ಪುಟವನ್ನು ತೆರೆಯಲೊಲ್ಲದೆ ಹೋಯಿತು. ತಂದೆಯವರ ಮಾತಿನ ಕರೆಗೆ ಈ ಪರೀಕ್ಷೆಯಿರಲಿಲ್ಲ, ಆದುದರಿಂದ ಅದು ಸ್ಪಷ್ಟವಾಗಿತ್ತು. ಗೋಪುರದ ಅಲೆ, ಕೊಂಡಿ, ದಾರಿ, ಸಾಗಣೆ ಇವೆಲ್ಲ ಸರಿಯಾಗಿದ್ದುವು. ರೂಪದ ಪದರಕ್ಕೆ ಸೇರಿದುದೆಂದು ಪಾಠದಲ್ಲಿ ಹೇಳುವ ಗುಪ್ತಲಿಪಿಯ ಕೆಲಸದಲ್ಲಿ ತಡೆಯಿತ್ತು. ತಾರೀಖನ್ನು ತಿದ್ದಲು ಒಂದು ನಿಮಿಷವೂ ಹಿಡಿಯಲಿಲ್ಲ. ಪುಟವು ತೆರೆಯಿತು. ‘ಅವಳು ಸುಳ್ಳು ಹೇಳಿರಲಿಲ್ಲ, ಟೀಚರ್’ ಎಂದು ನಮ್ಮ ಪೂರ್ವ ವಿದ್ಯಾರ್ಥಿನಿಯು ಮೆಲ್ಲಗೆ ಹೇಳಿದಳು.

ಹಾಜರಿ ಪುಸ್ತಕದ ಆ ಶಬ್ದವನ್ನು ನಾವು ಕೆಂಪು ಶಾಯಿಯಿಂದ ಹೊಡೆದುಹಾಕಿ ಸಹಿ ಮಾಡಿದೆವು. ಶಾಲೆಯು ತಿರುಗಿ ತೆರೆದ ಮೇಲೆ ಆ ಹುಡುಗಿಯನ್ನು ಕರೆದು, ತಪ್ಪು ನಮ್ಮದೆಂದು ಅವಳ ತರಗತಿಯ ಮುಂದೆಯೇ ಹೇಳಿದೆವು. ಅವಳು ತಲೆತಗ್ಗಿಸಿ ನಿಂತಿದ್ದಳು. ತಪ್ಪೊಪ್ಪಿಕೊಂಡ ನಮಗಿಂತ ಅವಳಿಗೇ ಹೆಚ್ಚು ಸಂಕೋಚವಾದಂತೆ ತೋರಿತು. ತಪ್ಪಿಹೋದ ಆ 17 ದಿನಗಳ ಪಾಠವನ್ನು ಗಣಿತದ ಉಪಾಧ್ಯಾಯಿನಿಯವರೂ ನಾವೂ ಸಾಯಂಕಾಲಗಳಲ್ಲಿ ಹೇಳಿಕೊಟ್ಟೆವು.

ಆದುದರಿಂದ ಮಾತಾಪಿತೃಗಳಲ್ಲಿ ನಮ್ಮ ವಿಜ್ಞಾಪನೆಯೇನೆಂದರೆ, ಮನೆಯಲ್ಲಿ ‘ನೆಟ್‌ವರ್ಕ್ ಇಲ್ಲ’ ಎಂದಾಗ ಮಗುವನ್ನು ಗದರಿಸುವ ಮುಂಚೆ ಕೆಳಗಿನಿಂದ ಮೇಲಕ್ಕೆ ಕೇಳುತ್ತ ಹೋಗಿರಿ. ಯಂತ್ರಕ್ಕೆ ವಿದ್ಯುತ್ತಿದೆಯೇ, ತಂತಿಯು ಗಟ್ಟಿಯಾಗಿ ಕುಳಿತಿದೆಯೇ, ಗೆರೆಗಳಿವೆಯೇ? ಮನೆಯ ರೌಟರಿಗೆ ಫೋನು ಸೇರಿಕೊಂಡಿದೆಯೇ? ಅದೇ ರೌಟರಿನಿಂದ ಪಕ್ಕದ ಫೋನಿಗೆ ಬರುತ್ತದೆಯೇ? ಹಣದ ಅವಧಿ ಮುಗಿದಿದೆಯೇ? ಎಲ್ಲ ಪುಟಗಳೂ ತೆರೆಯುವುದಿಲ್ಲವೋ, ಒಂದು ಮಾತ್ರವೋ? ತಾರೀಖು ಸರಿಯಾಗಿದೆಯೇ? ಪರದೆಯ ಮೇಲೆ ಬರೆದಿರುವುದನ್ನು ಯಾರಾದರೂ ಓದಿದರೇ? ಒಂದೊಂದು ಪ್ರಶ್ನೆಗೆ ಉತ್ತರ ಬಂದ ಹಾಗೆಲ್ಲ ದೋಷವಿರುವ ಜಾಗವು ಕಿರಿದಾಗುತ್ತ ಬರುವುದು. ಇದಕ್ಕೆ ದೊಡ್ಡ ವಿದ್ಯೆ ಬೇಕಿಲ್ಲ. ತಾಳ್ಮೆಯೂ ಕ್ರಮವೂ ಇದ್ದರೆ ಸಾಕು.

ಆ ವರ್ಷದಿಂದ ನಮ್ಮ ಕಂಪ್ಯೂಟರ್ ಕೊಠಡಿಯ ಸ್ವಿಚ್ಚು ರೌಟರುಗಳ ಉಸ್ತುವಾರಿಯನ್ನು ಒಂಬತ್ತನೆಯ ತರಗತಿಯ ಹುಡುಗಿಯರಿಗೇ ಒಪ್ಪಿಸಿದ್ದೇವೆ. ಯಂತ್ರವು ಕೆಟ್ಟಾಗ ಅಣ್ಣನನ್ನೋ ಅಂಗಡಿಯವನನ್ನೋ ಕರೆಯುವ ಮೊದಲು ಅವರು ಏಳನ್ನೂ ಎಣಿಸುತ್ತಾರೆ. ನಮ್ಮನ್ನು ಮಾತ್ರ ಆ ಪೆಟ್ಟಿಗೆಯ ಹತ್ತಿರ ಅಚ್ಚುಕಟ್ಟು ಮಾಡಲು ಬಿಡುವುದಿಲ್ಲ. ಪೂರ್ವ ವಿದ್ಯಾರ್ಥಿನಿಯರಲ್ಲಿ ಈ ವಿದ್ಯೆಯನ್ನು ಬಲ್ಲವರು ವರ್ಷಕ್ಕೊಂದು ದಿನವಾದರೂ ಬಂದು ಈ ಹುಡುಗಿಯರ ನಡುವೆ ಕುಳಿತರೆ ನಾವು ಕೃತಜ್ಞರಾಗಿರುವೆವು.